ಬೇಲಿಯ ತಲೆ ಯಾರದು?

ನಮ್ಮ ಮನೆಯಲ್ಲೊಂದು ಕತ್ತರಿ ಇದೆ. ಬಟ್ಟೆಗೆ ಇಟ್ಟರೆ ಅಗಿಯುತ್ತದೆ, ಕಾಗದಕ್ಕೆ ಇಟ್ಟರೆ ಹರಿಯುತ್ತದೆ, ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನೂ ಅದು ನೆಟ್ಟಗೆ ಕತ್ತರಿಸಲಾರದು. ಕಪ್ಪು ಹಿಡಿಯ, ಎತ್ತಿದರೆ ಕೈ ಸೋಲುವಷ್ಟು ಭಾರದ ಕತ್ತರಿ. ಹಳೇ ಕಬ್ಬಿಣ ಕೊಳ್ಳುವವನು ಬೀದಿಯಲ್ಲಿ ಕೂಗಿಕೊಂಡು ಬಂದಾಗಲೆಲ್ಲ ನನ್ನ ಗಂಡ ಒಮ್ಮೆ ಅದನ್ನು ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ, ಆಮೇಲೆ ಪೇಪರ್ ಓದುತ್ತಾರೆ. ಅದರ ಅಲಗಿನಲ್ಲಿ ಎರಡು ಕಡೆ ಹಲ್ಲು ಬಿದ್ದಿವೆ. ಯಾವ ಹಲ್ಲು ಯಾವ ಕೊಂಬೆಗೆ ಬಿತ್ತು ಎಂದು ನಾನು ಈಗಲೂ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಬಲ್ಲೆ.

ಜಂಬ ಅಂದಿರಾ? ಅನ್ನಿ. ನನಗೆ ಜಂಬಪಡಲು ಇರುವುದೇ ಅದೊಂದು. ಮುದ್ದೆ ಕಟ್ಟಿದರೆ ಇವತ್ತಿಗೂ ಗಂಟು ನಿಲ್ಲುತ್ತದೆ. ರಂಗೋಲಿ ಬಿಟ್ಟರೆ ಮನೆಗೆ ಬಂದವರು ಅದನ್ನು ತುಳಿಯದೆ ದಾಟುವುದು ಗೌರವದಿಂದಲೋ ಅಥವಾ ಏನೋ ಚೆಲ್ಲಿದೆ ಎಂದುಕೊಂಡೋ ತಿಳಿಯುವುದಿಲ್ಲ. ಹಾಡು ಹೇಳು ಎಂದು ಒಮ್ಮೆ ಕೇಳಿದವರು ಎರಡನೇ ಸಲ ಕೇಳಿದ್ದಿಲ್ಲ. ಆದರೆ ಬೇಲಿ ಸವರುವ ಮಾತು ಬಂದರೆ ಸಾಲಿಗ್ರಾಮದ ಸುತ್ತಿನ ನಾಲ್ಕು ಊರಲ್ಲಿ ನನ್ನ ಸಮಕ್ಕೆ ನಿಲ್ಲುವವರನ್ನು ತೋರಿಸಿ, ಅವರಿಗೆ ಈ ಕತ್ತರಿಯನ್ನೇ ಕೊಟ್ಟುಬಿಡುತ್ತೇನೆ.

ಕತ್ತರಿ ನನ್ನಪ್ಪನದು. ಅಪ್ಪ ಹುಣಸೂರಿನಲ್ಲಿ ಟೈಲರ್. ಇದ್ದ ಜಮೀನನ್ನು ಅಣ್ಣಂದಿರ ಉಳುಮೆಗೆ ಬಿಟ್ಟು, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಿಷನ್ ಇಟ್ಟುಕೊಂಡು ಕೂತವರು. ವರ್ಷದ ಉಳಿದ ದಿನಗಳಲ್ಲಿ ಅಂಗಡಿ ಮಂದ. ಹೊಗೆಸೊಪ್ಪು ಮಾರಾಟವಾಗುವ ಕಾಲ ಬಂತೆಂದರೆ ಮಾತ್ರ ಕೂರಲು ಜಾಗ ಇರುತ್ತಿರಲಿಲ್ಲ. ಸೊಪ್ಪು ಹಾಕಿ ಬಂದ ರೈತರು ಮನೆಮಂದಿಗೆಲ್ಲ ಒಂದೇ ಥಾನಿನ ಬಟ್ಟೆ ಹರಿಸಿಕೊಂಡು ಸೀದಾ ನಮ್ಮ ಅಂಗಡಿಗೆ ಬರುತ್ತಿದ್ದರು. ಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಗೆ ಅವರ ಅಂಗಿಯಲ್ಲೂ ತಲೆಗೂದಲಲ್ಲೂ ಕೂತಿರುತ್ತಿತ್ತು, ಹೊಸ ಬಟ್ಟೆಗೂ ಹತ್ತುತ್ತಿತ್ತು. ನಾನು ಮಿಷನ್ನಿನ ಕೆಳಗೆ ಚಿಂದಿ ಆಯುತ್ತಾ ಕೂತು ಆ ವಾಸನೆಯಲ್ಲೇ ಬೆಳೆದೆ. ಹೊಸ ಬಟ್ಟೆ ಎಂದರೆ ಹೊಗೆಸೊಪ್ಪಿನ ವಾಸನೆ ಇರಬೇಕು ಎಂದು ಬಹಳ ವರ್ಷ ನಂಬಿದ್ದೆ.

ಅಪ್ಪ ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಹಲಗೆಯ ಮೇಲೆ ಹರಡಿ, ಅಂಗೈಯಿಂದ ನಿಧಾನವಾಗಿ ಸವರುತ್ತಿದ್ದರು. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ. ಆಮೇಲೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ಕಣ್ಣು ಮುಂದ್ಮುಂದೆ ಓಗ್ಬೇಕು, ಕತ್ತರಿ ಅದ್ರ ಹಿಂದೆ ಬರ್ಬೇಕು ಕಣವ್ವ" ಎನ್ನುತ್ತಿದ್ದರು. ನನಗೆ ಅವರು ಕಲಿಸಿದ ವಿದ್ಯೆ ಇಷ್ಟೇ. ರವಿಕೆ ಹೊಲಿಯಲು ಕಲಿಸಿದ್ದೂ ಉಂಟು, ಆದರೆ ನಾನು ಹೊಲಿದ ಮೊದಲ ರವಿಕೆಯ ಎರಡು ತೋಳೂ ಎಡಗೈಯವು. ಆದರೂ ಮದುವೆಯ ಹೊತ್ತಿಗೆ ತಮ್ಮ ಎರಡು ಕತ್ತರಿಗಳಲ್ಲಿ ಒಳ್ಳೆಯದನ್ನೇ ಆರಿಸಿ ನನ್ನ ಟ್ರಂಕಿನಲ್ಲಿ ಇಟ್ಟರು. ಹಳ್ಳಿಯಲ್ಲಿ ನಾಲ್ಕು ಜನಕ್ಕೆ ಹೊಲಿದುಕೊಟ್ಟು ಮಗಳು ಹೆಸರು ತೆಗೆದುಕೊಳ್ಳಲಿ ಎಂಬ ಆಸೆ.

ಹೀಗೆ ತೊಂಬತ್ತರ ದಶಕದ ನಡುವಿನ ಒಂದು ವೈಶಾಖದಲ್ಲಿ ನಾನು ಸಾಲಿಗ್ರಾಮದ ಪಕ್ಕದ ಊರಿಗೆ ಸೊಸೆಯಾಗಿ ಬಂದೆ. ನಾಲೆ ನೀರಿನ ಊರು, ಎಲ್ಲಿ ನೋಡಿದರೂ ಗದ್ದೆ. ನಾನು ಕಟ್ಟಿದ ಮುದ್ದೆ ನೋಡಿ ನನ್ನತ್ತೆ ಜಯಮ್ಮ, "ರಾಗಿ ಬೆಳೆಯೋ ಸೀಮೆಯೋಳು ಅಂತ ತಂದ್ಕಂಡ್ರೆ ಇದೇನವ್ವ ಇಂಗೆ ಕಟ್ಟಿದ್ದೀಯ!" ಎಂದು ನಕ್ಕರು. ನಗುಮುಖದ ಹೆಂಗಸು. ಆದರೆ ಮನೆಯ ಬಲಗಡೆಗೆ ತಿರುಗಿದರೆ ಮಾತ್ರ ಅವರ ಮುಖ ಗಂಟಿಕ್ಕುತ್ತಿತ್ತು. ಬಲಗಡೆ ಇದ್ದದ್ದು ಗೋರಂಟಿ ಬೇಲಿ. ಬೇಲಿಯ ಆಚೆ ದೊಡ್ಡತ್ತೆಯ ಮನೆ. ದೊಡ್ಡತ್ತೆ ಎಂದರೆ ನನ್ನ ಮಾವನ ಅಣ್ಣನ ಹೆಂಡತಿ, ಅತ್ತೆಗೆ ಓರಗಿತ್ತಿ.

ಬೇಲಿಯ ಕಥೆ ಹೇಳಿಬಿಡುತ್ತೇನೆ. ಅಣ್ಣತಮ್ಮಂದಿರು ಭಾಗವಾದಾಗ ಹಿತ್ತಲನ್ನೂ ಎರಡು ಮಾಡಿ, ನಡುವೆ ಗೋಡೆ ಬೇಡ, ಗೋಡೆ ಕಟ್ಟಿದರೆ ಮುಖ ಕಾಣುವುದಿಲ್ಲ ಎಂದು ಓರಗಿತ್ತಿಯರಿಬ್ಬರೇ ಹಟ ಹಿಡಿದು ಗೋರಂಟಿ ನೆಡಿಸಿದರಂತೆ. ಅದಕ್ಕೊಂದು ಕಟ್ಟಳೆಯೂ ಆಯಿತು. ಬೇಲಿಯ ಮಗ್ಗುಲು ಅವರವರದು, ತಲೆ ಇಬ್ಬರದು. ಮಗ್ಗುಲನ್ನು ಯಾರು ಯಾವಾಗ ಬೇಕಾದರೂ ಸವರಿಕೊಳ್ಳಬಹುದು. ತಲೆ ತೆಗೆಯುವ ದಿನ ಮಾತ್ರ ಆಚೆಗೊಬ್ಬರು ಈಚೆಗೊಬ್ಬರು ಎದುರುಬದುರು ನಿಂತು, ಮಚ್ಚು ಹಿಡಿದು, ತಮ್ಮ ಕಡೆಯಿಂದ ನಡುವಿನವರೆಗೆ ತೆಗೆಯಬೇಕು. ಒಬ್ಬರು ತಲೆಗೆ ಮಚ್ಚು ಹಾಕಿದರೆ ಇನ್ನೊಬ್ಬರು ಒಲೆಯ ಮೇಲೆ ಏನೇ ಇರಲಿ, ಇಳಿಸಿಟ್ಟು ಬರಬೇಕು. ಎಷ್ಟೋ ವರ್ಷ ಇಬ್ಬರೂ ಹಾಗೆ ಎದುರುಬದುರು ನಿಂತು ಊರಿನ ಸುದ್ದಿಯನ್ನೂ ಗೋರಂಟಿಯನ್ನೂ ಒಟ್ಟಿಗೆ ಸವರಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಯಾರೂ ಹೇಳಿರಲಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ನಾನು ಬರುವುದಕ್ಕೆ ಎರಡು ವರ್ಷದ ಹಿಂದೆ ಅತ್ತೆ ಬೇಲಿಯ ಮೇಲೆ ಸೋರೆ ಬಳ್ಳಿ ಹಬ್ಬಿಸಿದ್ದರು. ಅದರಲ್ಲೊಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆಂದು ತಲೆಯ ಮೇಲೇ ಬಿಟ್ಟಿದ್ದರು. ಒಂದು ಬೆಳಗ್ಗೆ ನೋಡಿದರೆ ಕಾಯಿ ಇಲ್ಲ. ಹೋದರೆ ಹೋಯಿತು ಎಂದು ಅತ್ತೆ ಸುಮ್ಮನೇ ಇದ್ದರು. ಎರಡು ದಿನ ಕಳೆದು, ಡಬ್ಬಿಯ ಕೋಡುಬಳೆ ಖಾಲಿ ಮಾಡಿದ್ದ ನನ್ನ ಗಂಡ, ಕೇಳುವ ಮೊದಲೇ "ನಾನಲ್ಲ" ಎಂದರು. ಅತ್ತೆ ಹಿತ್ತಲಲ್ಲಿ ನಿಂತು ಗಟ್ಟಿಯಾಗಿ, "ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಟಿ ನೋಡ್ಕಂಡ್ನಂತೆ!" ಎಂದು ಮಗನಿಗೆ ಅಂದು, ಹಾಗೇ ತಲೆಯೆತ್ತಿದರು.

ಗ್ರಹಚಾರ ನೋಡಿ. ಬೇಲಿಯಾಚೆ ದೊಡ್ಡತ್ತೆ ನಿಂತಿದ್ದರು. ಗೋರಂಟಿಯಿಂದ ಉದುರಿದ ಕಂಬಳಿಹುಳು ಒಂದು ಅವರ ಹೆಗಲ ಮೇಲೆ ಹರಿಯುತ್ತಿತ್ತು. ಅವರು ಅದನ್ನು ಕೊಡವಲು ಕೈಯನ್ನು ಹೆಗಲ ಮೇಲೆ ಇಟ್ಟಿದ್ದರು.

ಅತ್ತೆ ಕೈ ನೋಡಿದರು. ಅತ್ತೆ ನೋಡಿದ್ದನ್ನು ದೊಡ್ಡತ್ತೆ ನೋಡಿದರು.

"ಏನೇ ಜಯಮ್ಮಿ, ನನ್ನ ಕಳ್ಳಿ ಅಂತೀಯಾ?"

"ನಾನೆಲ್ಲಂದೆ? ಎಗಲು ಮುಟ್ಕಂಡೋಳು ನೀನು."

ಮುಗಿಯಿತು. ಸೋರೆಕಾಯಿಯ ವಿಷಯಕ್ಕೆ ಕುಂಬಳಕಾಯಿಯ ಗಾದೆ ಬಂದು ಎರಡು ಮನೆಯ ಮಾತು ನಿಂತಿತು. ಗಂಡಸರು ಗದ್ದೆಯಲ್ಲಿ, ನಾಲೆಯ ಮೇಲೆ ಚೆನ್ನಾಗಿಯೇ ಇದ್ದರು. ಊರೊಳಗೆ ಬಂದಕೂಡಲೇ ಹೆಂಡತಿಯರಿಗೆ ಹೆದರಿ ಒಬ್ಬರನ್ನೊಬ್ಬರು ಕಾಣದವರ ಹಾಗೆ ನಡೆಯುತ್ತಿದ್ದರು. ಹೆಂಗಸರಿಬ್ಬರು ದನಕರುಗಳ ಮೂಲಕ ವ್ಯವಹಾರ ನಡೆಸುತ್ತಿದ್ದರು. ಅತ್ತೆ ಕರುವಿಗೆ, "ಲೇ ಕರುವೇ, ಕೆಲವ್ರ ಮನೆ ಬಚ್ಚಲ ನೀರು ಇತ್ಲಾಗೆ ಬತ್ತಾದೆ ಕಣೆ" ಎನ್ನುವರು. ಆಚೆಯಿಂದ ಕೋಳಿಗೆ ಉತ್ತರ ಹೋಗುವುದು. ಹೊಸದರಲ್ಲಿ ನಾನು ಅತ್ತೆಗೆ ಕರುವಿನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದೆ.

ಬೇಲಿಯ ತಲೆಯನ್ನು ಕೇಳುವವರೇ ಇಲ್ಲವಾಯಿತು. ಇಬ್ಬರೂ ತಂತಮ್ಮ ಮಗ್ಗುಲನ್ನು ಪೈಪೋಟಿಯ ಮೇಲೆ ನುಣ್ಣಗೆ ಇಟ್ಟುಕೊಂಡರು. ತಲೆ ಮಾತ್ರ ಆಳೆತ್ತರ ದಾಟಿ, ಮೇಲೆ ಕಾಡುತೊಂಡೆ, ಅಮೃತಬಳ್ಳಿ ಎಲ್ಲ ಹಬ್ಬಿ, ಎಣ್ಣೆ ಬಾಚಣಿಗೆ ಕಾಣದ ಜಡೆಯಾಯಿತು. ನಮ್ಮ ಸಂಡಿಗೆಗೆ ಬೆಳಗಿನ ಬಿಸಿಲಿಲ್ಲ, ಅವರ ಸೀರೆ ಒಣಗಲು ಸಂಜೆಯ ಬಿಸಿಲಿಲ್ಲ. ಕರೆಯಲು ಇಬ್ಬರಿಗೂ ಬಾಯಿಲ್ಲ. ಮೊದಲು ಕರೆದವರು ಸೋತಂತೆ.

ನನ್ನ ಮದುವೆಗೆ ದೊಡ್ಡತ್ತೆ ಬಂದರು. ಅಕ್ಷತೆ ಹಾಕಿದರು. ಊಟಕ್ಕೆ ಕೂರದೆ ಎದ್ದು ಹೋದರು. ಅದು ಅತ್ತೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಇದ್ದಕ್ಕಿದ್ದಂತೆ, "ನಿನ್ ಗಂಡ ಉಟ್ದಾಗ ಮೊದ್ಲು ಎಣ್ಣೆ ಒತ್ತಿ ನೀರು ಉಯ್ದೋಳು ಅವ್ಳೇ ಕಣವ್ವ. ಅವ್ನ್ ಮದ್ವೆ ಅನ್ನ ತಿನ್ಲಿಲ್ಲ" ಎಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ಅಕ್ಕಿಯನ್ನೇ ನೋಡುತ್ತಿದ್ದರು. ನಾನು ಬಂದು ಆಗ ತಿಂಗಳಾಗಿತ್ತಷ್ಟೆ.

ಜ್ಯೇಷ್ಠದ ಮಳೆ ಹಿಡಿಯಿತು. ಅತ್ತೆ ಮಾವ ಪಿರಿಯಾಪಟ್ಟಣದ ಕಡೆಯ ಅತ್ತೆಯ ತವರಿಗೆ ಗೃಹಪ್ರವೇಶಕ್ಕೆ ಹೊರಟರು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಅತ್ತೆ, "ಬೇಲಿ ರೆಂಬೆ ಎಲ್ಲ ದಾರಿಗೆ ಬಿದ್ದವೆ. ಮಳೆ ಬುಟ್ಟಾಗ ಒಸಿ ಸವರವ್ವ. ನಾಳಿಕೆ ಸಂಜೆಗೆ ಬತ್ತೀವಿ" ಎಂದರು.

ಒಸಿ ಎಂದರೆ ಸ್ವಲ್ಪ. ಆದರೆ ನಮ್ಮ ಕಡೆ ಒಸಿ ಎಂಬ ಮಾತಿಗೆ ಅಳತೆ ಇಲ್ಲ. "ಒಸಿ ಅನ್ನ ಇಕ್ಕು" ಎಂದವರಿಗೆ ತಟ್ಟೆ ತುಂಬ ಬಡಿಸಬೇಕು. "ಒಸಿ ಇರು, ಬಂದೆ" ಎಂದವರು ಕೆ.ಆರ್. ನಗರಕ್ಕೆ ಹೋಗಿ ಬರುತ್ತಾರೆ. ನಾನು ಟೈಲರ್ ಮಗಳು. ಅಂಗಿಗೆ ಒಂದೇ ತೋಳು ಇಟ್ಟು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಬೇಲಿ ಸವರು ಎಂದ ಮೇಲೆ ಪೂರ್ತಿ ಬೇಲಿ ಎಂದುಕೊಂಡೆ.

ಮಾರನೆಯ ದಿನ ಮಳೆ ಬಿಟ್ಟಿತು. ಗಂಡ ಗದ್ದೆಗೆ ಹೋದಮೇಲೆ ಸೊಂಟಕ್ಕೆ ಸೆರಗು ಬಿಗಿದು, ಸ್ಟೂಲ್ ಹಾಕಿ ಹತ್ತಿದೆ. ಈ ತುದಿಯ ಕಂಬದಿಂದ ಆ ತುದಿಯ ಕಂಬಕ್ಕೆ ನನ್ನ ಎದೆಮಟ್ಟಕ್ಕೆ ದಾರ ಎಳೆದು ಕಟ್ಟಿದೆ. ದಾರವೂ ಅಪ್ಪನದೇ, ಕಾಜಾ ಹಾಕುವ ದಪ್ಪ ದಾರ. ದಪ್ಪ ಕೊಂಬೆಗಳಿಗೆ ಮಚ್ಚು ಹಾಕಿದೆ. ಮಚ್ಚಿನ ಕಡಿತ ಒರಟು, ಅಂಚು ಕೂರಲಿಲ್ಲ. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಕತ್ತರಿ ತಂದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಹಳೇ ಗೋರಂಟಿ ಕೊಂಬೆಗೆ ಮುಳ್ಳು, ಕಬ್ಬಿಣದಂಥ ತಿರುಳು. ಮೊದಲ ಗಳಿಗೆಯಲ್ಲೇ ಟಕ್ಕೆಂದು ಅಲಗಿಗೆ ಒಂದು ಹಲ್ಲು ಬಿತ್ತು. ಆದರೆ ಅಂಚನ್ನು ನೋಡಿದರೆ ಇಸ್ತ್ರಿ ಹಾಕಿದಂತೆ ಕೂತಿತ್ತು. ಬಿದ್ದ ಹಲ್ಲು ಹೇಗೂ ಬಿತ್ತು ಎಂದು ಮುಂದುವರಿಸಿದೆ.

ಕಡಿದ ಸೊಪ್ಪು ಆಚೆಯ ಹಿತ್ತಲಿಗೂ ಬೀಳುತ್ತಿತ್ತು. ಸದ್ದಿಗೆ ದೊಡ್ಡತ್ತೆ ಹೊರಗೆ ಬಂದರು. ಉದ್ದನೆಯ ಆಳು, ಬಾಯಲ್ಲಿ ಎಲೆಅಡಿಕೆ. ನನ್ನನ್ನು ನೋಡಿದರು, ದಾರ ನೋಡಿದರು, ಕೊನೆಗೆ ಕಾಲ ಬಳಿಯ ಕೋಳಿಯನ್ನು ನೋಡಿದರು.

"ಲೇ ಕೋಳೀ, ತಲೆ ತೆಗಿಯಕ್ಕೆ ಯಾರ್ ಯೇಳಿದ್ರಂತೆ, ಒಸಿ ಕೇಳೇ."

ಕೋಳಿ ಸುಮ್ಮನಿತ್ತು. ನಾನೇ ಹೇಳಿದೆ. "ಅತ್ತೆ ಹೇಳಿ ಹೋದ್ರು ದೊಡ್ಡತ್ತೆ, ಬೇಲಿ ಸವರು ಅಂತ."

ಅವರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಜಯಮ್ಮಿ ಯೇಳುದ್ಲಾ? ತಲೆನೂವೆ?"

"ಬೇಲಿ ಅಂದ್ಮೇಲೆ ತಲೆ ಸೇರಿದ ಹಾಗೇ ಅಲ್ವಾ?"

ದೊಡ್ಡತ್ತೆ ತಿರುಗಿ ಒಳಗೆ ಹೋದರು. ಕೆಟ್ಟೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸೀರೆಯ ಮೇಲೆ ದೊಡ್ಡಮಾವನ ಹಳೇ ಅಂಗಿ ತೊಟ್ಟು, ಕೈಯಲ್ಲಿ ಮಚ್ಚು ಹಿಡಿದು ಬಂದರು. ನನ್ನ ಎದುರಿಗೆ, ಬೇಲಿಯ ಆಚೆ, ಒಂದು ಒರಳುಕಲ್ಲಿನ ಮೇಲೆ ಹತ್ತಿ ನಿಂತರು. "ತಲೆ ಒಬ್ಳೇ ತೆಗಿಬಾರ್ದು ಕಣವ್ವ. ಅತ್ಲಿಂದ ನೀನು ಬಾ, ಇತ್ಲಿಂದ ನಾನು ಬತ್ತೀನಿ" ಎಂದರು. ನನ್ನನ್ನು ಅವ್ವ ಎಂದು ಕರೆದು ಅವರು ಆಡಿದ ಮೊದಲ ಮಾತು ಅದು. ಜಯಮ್ಮಿ ತಾನಾಗಿ ತಲೆಗೆ ಮಚ್ಚು ಹಾಕಿಸಿದ್ದಾಳೆ, ಅಂದರೆ ಕರೆದಿದ್ದಾಳೆ, ಕರೆದ ಮೇಲೆ ಬರದಿದ್ದರೆ ತಪ್ಪು ತನ್ನದಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ನನಗೆ ಅದೊಂದೂ ತಿಳಿಯದು. ಪಾಪ, ವಯಸ್ಸಾದವರು ಸಹಾಯಕ್ಕೆ ಬಂದರಲ್ಲ ಎಂದು ಖುಷಿಪಟ್ಟೆ.

ಏನು ಕೈ ಅವರದು! ಒಂದು ಏಟಿಗೆ ಒಂದು ಕೊಂಬೆ. ಅವರು ತೆಗೆಯುವುದು, ನಾನು ಅಂಚು ಕೂರಿಸುವುದು. ಮುಕ್ಕಾಲು ಬೇಲಿ ಮುಗಿದಿತ್ತು. ಅವರ ಮಚ್ಚು ಸೊಪ್ಪಿನ ಹೊಟ್ಟೆಯೊಳಗೆ ಇಳಿದು ಟೊಣ್ ಎಂದಿತು. ದೊಡ್ಡತ್ತೆ ಕೈ ಹಾಕಿ ಎಳೆದರು. ಒಣಗಿದ ಬಳ್ಳಿಯ ತುಂಡಿನ ಜೊತೆಗೆ ಒಂದು ಸೋರೆ ಬುರುಡೆ ಬಂತು. ಬೂದಿ ಬಣ್ಣ, ಹಗುರ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎಂದವು. ಯಾರೂ ಕದ್ದಿರಲಿಲ್ಲ. ಭಾರಕ್ಕೆ ಜಾರಿ ಬೇಲಿಯೊಳಗೇ ಇಳಿದು ಕೂತಿತ್ತು. ಆಮೇಲೆ ತಲೆ ಬೆಳೆದು ಮುಚ್ಚಿಕೊಂಡಿತು.

ದೊಡ್ಡತ್ತೆ ಒರಳುಕಲ್ಲಿನಿಂದ ಇಳಿದು ಅದರ ಮೇಲೇ ಕೂತರು. ಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆಗಲೇ ಗಾದೆ, ಕಂಬಳಿಹುಳು, ತಲೆಯ ಕಟ್ಟಳೆ ಎಲ್ಲ ಅವರ ಬಾಯಿಂದ ಬಂದದ್ದು. ಕಟ್ಟಳೆ ಕೇಳಿದ ಮೇಲೆ ನನ್ನ ತಪ್ಪು ತಿಳಿಯಿತು. ಅತ್ತೆ ತಲೆ ತೆಗೆಯಲು ಹೇಳಿಲ್ಲ ಎಂದು ಬಾಯಿ ಬಿಡಲು ಧೈರ್ಯ ಬರಲಿಲ್ಲ. ಕತ್ತರಿಯನ್ನು ಇನ್ನೂ ಜೋರಾಗಿ ಆಡಿಸಿದೆ. ಎರಡನೇ ಹಲ್ಲು ಬಿದ್ದದ್ದು ಆ ಗಾಬರಿಯಲ್ಲಿ.

ಬೇಲಿ ಮುಗಿದ ಮೇಲೆ ದೊಡ್ಡತ್ತೆ ಬುರುಡೆಯನ್ನು ಸಮನಾದ ತಲೆಯ ಮೇಲೆ ನಟ್ಟನಡುವೆ ಇಟ್ಟರು. "ಇಲ್ಲೇ ಇರ್ಲಿ. ಬಂದು ನೋಡ್ಲಿ" ಎಂದರು.

ಸಂಜೆ ಬಸ್ಸಿಳಿದು ಅತ್ತೆ ಬಂದರು. ಓಣಿಯ ತಿರುವಿನಲ್ಲೇ ನಿಂತುಬಿಟ್ಟರು. ಎರಡು ವರ್ಷದಿಂದ ಕಾಣದಿದ್ದ ಆಚೆಯ ಹಿತ್ತಲು, ಆಚೆಯ ಬಾಗಿಲು, ಬಾಗಿಲಲ್ಲಿ ನಿಂತ ದೊಡ್ಡತ್ತೆ ಎಲ್ಲ ಅಲ್ಲಿಂದಲೇ ಕಾಣುತ್ತಿದ್ದವು. ಬ್ಯಾಗನ್ನು ಮಾವನ ಕೈಗೆ ತಳ್ಳಿ ಓಡಿಬಂದರು.

"ಅಯ್ಯೋ ನನ್ ಕರ್ಮವೇ! ತಲೆನೂ ತೆಗ್ದ್ಬುಟ್ಯಾ? ಯಾರ್ ಕೇಳಿ ತೆಗ್ದೆ? ಒಸಿ ಸವರು ಅಂದ್ರೆ ಇಂಗೆ ಬೋಳಿಸ್ಬುಡದಾ?" ಎನ್ನುತ್ತಾ ಬೇಲಿಯ ಬಳಿಗೆ ಬಂದವರಿಗೆ ಬುರುಡೆ ಕಂಡಿತು. ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಅಲ್ಲಾಡಿಸಿದರು. ಬೀಜದ ಸದ್ದಿಗೆ ಅವರ ಮುಖದ ಕೋಪವೆಲ್ಲ ಇಳಿದುಹೋಯಿತು.

"ಅಕ್ಕಾ... ಇದು ನಮ್ ಸೋರೆ ಅಲ್ವೇನಕ್ಕ?"

ಎರಡು ವರ್ಷದ ಮೇಲೆ ಬಂದ ಅಕ್ಕ ಅದು. ಬಾಯಿ ತಪ್ಪಿ ಬಂತು. ಬಂದದ್ದನ್ನು ಅತ್ತೆ ವಾಪಸು ತೆಗೆದುಕೊಳ್ಳಲಿಲ್ಲ.

ದೊಡ್ಡತ್ತೆ ಬೇಲಿಗೆ ಬಂದರು. "ಊ ಕಣೆ. ಬೇಲಿ ಒಳಗೇ ಇತ್ತು. ನೀನ್ ಯೇಳಿ ಕಳಿಸ್ತಿದ್ದಂಗೆ ನಾನೂ ಮಚ್ಚು ಇಡ್ಕಂಡ್ ಬಂದ್ನಲ್ಲ, ಆಗ ಸಿಕ್ತು."

"ನಾನ್ಯಾವಾಗ ಯೇಳ್ದೆ?"

"ನೀನೇ ಯೇಳಿದ್ದೆ ಅಂದ್ಲಲ್ಲ ಇವ್ಳು!"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆಮೇಲೆ ನನಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. "ಬೇಲಿ ಅಂದ್ರೆ ಲಂಗ ಅನ್ಕಂಡ್ಯಾ, ಅಂಚು ಕೂರ್ಸಕ್ಕೆ?" ಎಂದು ಅತ್ತೆ. "ದಾರ ಬೇರೆ ಕಟ್ಟವ್ಳೆ ನೋಡು ಜಯಮ್ಮಿ!" ಎಂದು ದೊಡ್ಡತ್ತೆ. "ಟೈಲರ್ ಮನೆಯಿಂದ ತಂದ್ರೆ ಇಂಗೇ ಕಣಕ್ಕ." "ಅಲ್ಲೊಂದು ತಾವು ಡೊಂಕು ಬಂದದೆ ಅಲ್ವಾ?" ಡೊಂಕು ಬಂದಿರಲಿಲ್ಲ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಹಿಡಿಯುತ್ತಿದ್ದರು. ಎರಡು ವರ್ಷದಿಂದ ಕರುವಿಗೂ ಕೋಳಿಗೂ ಹೇಳಿ ಸಾಕಾಗಿದ್ದ ಮಾತೆಲ್ಲ ಅಂದು ನನ್ನ ತಲೆಯ ಮೇಲಿನಿಂದ ಆಚೆಗೂ ಈಚೆಗೂ ಓಡಾಡಿತು. ಜನ್ಮದಲ್ಲಿ ಅಷ್ಟು ಸಂತೋಷದಿಂದ ನಾನು ಬೈಸಿಕೊಂಡದ್ದಿಲ್ಲ.

ಬೈದು ಸುಸ್ತಾದ ಮೇಲೆ ದೊಡ್ಡತ್ತೆ, "ಜಯಮ್ಮಿ, ನಿನ್ ಮಗನ ಮದ್ವೆ ಊಟ ಇನ್ನೂ ನಾನು ಉಂಡಿಲ್ಲ ಕಣೆ" ಎಂದರು. ಅತ್ತೆ ಬಸ್ಸಿನ ಧೂಳನ್ನೂ ತೊಳೆಯದೆ ಒಲೆ ಹಚ್ಚಿದರು. ಶಾವಿಗೆ ಪಾಯಸ ಮಾಡಿದರು, ಹಪ್ಪಳ ಕರಿದರು. ದೊಡ್ಡತ್ತೆಗೆ ಬಾಳೆ ಎಲೆ ಹಾಕಿ ನನ್ನ ಕೈಯಿಂದ ಬಡಿಸಿಸಿದರು. ಮುದ್ದೆ ಮಾತ್ರ ನನಗೆ ಕಟ್ಟಲು ಬಿಡಲಿಲ್ಲ.

ಕಡಿದ ಗೋರಂಟಿ ರಾಶಿಯನ್ನು ಬೀದಿಯ ಹೆಂಗಸರೆಲ್ಲ ಮಡಿಲು ತುಂಬಿಕೊಂಡು ಹೋದರು. ಆಷಾಢ ಬರುವುದರಲ್ಲಿತ್ತು, ಊರಿನ ಕೈಗಳೆಲ್ಲ ಕೆಂಪಾದವು. ಆಷಾಢಕ್ಕೆ ನನ್ನನ್ನು ತವರಿಗೆ ಕರೆದುಕೊಂಡು ಹೋಗಲು ಅಪ್ಪ ಬಂದರು. ಅವರನ್ನು ಕಂಡ ಕೂಡಲೇ ನನಗೆ ನೆನಪಾದದ್ದು ಕತ್ತರಿ. ಬಚ್ಚಿಡಲು ಮನಸ್ಸಾಗಲಿಲ್ಲ. ತಂದು ಕೈಗೆ ಕೊಟ್ಟೆ. ಅಪ್ಪ ಎರಡು ಹಲ್ಲನ್ನೂ ಬೆರಳಿಂದ ಮುಟ್ಟಿ ನೋಡಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಮುಟ್ಟಲು ಬಿಡದಿದ್ದ ಕತ್ತರಿ.

"ಏನ್ ಕತ್ತರಿಸ್ದೆ ಮಗ್ಳೇ?"

ನಾನು ಹಿತ್ತಲಿಗೆ ಕರೆದುಕೊಂಡು ಹೋದೆ. ಕಡಿದಲ್ಲೆಲ್ಲ ಹೊಸ ಚಿಗುರು ಬಂದಿತ್ತು. ಅಪ್ಪ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಬೇಲಿಯ ಉದ್ದಕ್ಕೂ ನೋಡಿದರು. ಆಮೇಲೆ ಹತ್ತಿರ ಹೋಗಿ, ಅಂಗೈಯನ್ನು ಚಿಗುರಿನ ಮೇಲೆ ಇಟ್ಟು, ಈ ತುದಿಯಿಂದ ಆ ತುದಿಯವರೆಗೂ ನಿಧಾನವಾಗಿ ಸವರಿಕೊಂಡು ಹೋದರು. ಹಲಗೆಯ ಮೇಲಿನ ಬಟ್ಟೆಯನ್ನು ಸವರುತ್ತಿದ್ದ ಹಾಗೆಯೇ. ತಿರುಗಿ ಬಂದವರು ಕತ್ತರಿಯನ್ನು ನನ್ನ ಕೈಗೇ ಕೊಟ್ಟರು.

"ಇಟ್ಕೊ. ಕತ್ತರಿ ಓದ್ರೆ ಓಯ್ತದೆ ಬುಡು" ಎಂದರು.

ಅಷ್ಟರಲ್ಲಿ ಬೇಲಿಯ ಈಚೆಯಿಂದ ಅತ್ತೆ, "ನೋಡಿದ್ರಾ ಅಣ್ಣಾ, ನಮ್ ಸೊಸೆ ಕೆಲ್ಸ?" ಎಂದರು. ಆಚೆಯಿಂದ ದೊಡ್ಡತ್ತೆ ತಡೆಯದೆ, "ನಮ್ ಸೊಸೆ ಅಂತ ನೀನೊಬ್ಳೇ ಯೇಳ್ಬೇಡ ಕಣೆ ಜಯಮ್ಮಿ. ನಮ್ಗೂ ಸೊಸೆ ಅವ್ಳು" ಎಂದರು. "ಮನೆಗೆ ತಂದ್ಕಂಡೋಳು ನಾನು!" "ನಿನ್ ಮಗನ್ನ ಎತ್ತಿ ಆಡ್ಸ್ದೋಳು ನಾನು!" ಎಂದು ಮತ್ತೆ ಶುರುವಾಯಿತು. ಈ ಸಲ ಇಬ್ಬರೂ ನಗುತ್ತಿದ್ದರು. ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಜನ್ಮದಲ್ಲಿ ಎಂದೂ ದೊಡ್ಡ ದನಿಯಲ್ಲಿ ಮಾತಾಡದ ಮನುಷ್ಯ, ಎರಡು ಹಿತ್ತಲಿಗೂ ಕೇಳುವ ಹಾಗೆ ಹೇಳಿದರು:

"ಕಿತ್ತಾಡ್ಬೇಡಿ ಕಣ್ರವ್ವ. ಯಾರ ಸೊಸೆನಾದ್ರೂ ಆಗ್ಲಿ. ಮೊದ್ಲು ಅವ್ಳು ನನ್ ಮಗ್ಳು."